ಮಾಧ್ಯಮ ತರಗತಿಯ ವಿಡಿಯೊ ಪ್ರಾಜೆಕ್ಟ್: ವಿಷಯದಿಂದ ಎಡಿಟಿಂಗ್‌ವರೆಗೆ ಯಾವುದನ್ನು ಆರಿಸಿಕೊಳ್ಳಬೇಕು?

ಪದವಿ ಕಾಲೇಜುಗಳ ಪತ್ರಿಕೋದ್ಯಮ ವಿಭಾಗಗಳಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ವಿಡಿಯೊ ಪ್ರಾಜೆಕ್ಟ್ ಮಾಡುವುದು ಈಗ ಸಾಮಾನ್ಯವಾಗಿದೆ. ನಾಲ್ಕೈದು ಜನರ ತಂಡ, ಐದರಿಂದ ಹತ್ತು ನಿಮಿಷದ ಚಿತ್ರ, ಇಂಟರ್ನಲ್ಸ್ ಮತ್ತು ಪರೀಕ್ಷೆಗಳ ನಡುವೆ ಹೇಗೋ ಹೊಂದಿಸಿಕೊಳ್ಳಬೇಕಾದ ಎರಡು ತಿಂಗಳು: ಬಹುತೇಕ ಕಡೆ ಲೆಕ್ಕ ಇಷ್ಟೇ. ತಂಡ ಸೇರಿದ ದಿನ ಮೊದಲು ಏಳುವ ಪ್ರಶ್ನೆ, ಯಾರ ಹತ್ತಿರ ಒಳ್ಳೆಯ ಕ್ಯಾಮೆರಾ ಇದೆ ಎಂಬುದು. ಈ ಮಾರ್ಗದರ್ಶಿಯಲ್ಲಿ ಆ ಪ್ರಶ್ನೆಯನ್ನು ಬೇಕೆಂದೇ ಹಿಂದಕ್ಕೆ ಹಾಕಲಾಗಿದೆ. ವಿಷಯ ಯಾವುದು, ಅದರಲ್ಲಿ ಮಾತನಾಡುವವರು ಯಾರು, ಅವರ ಮಾತನ್ನು ಎಂಥ ಜಾಗದಲ್ಲಿ ದಾಖಲಿಸಬೇಕು ಎಂಬುದು ತೀರ್ಮಾನವಾದ ಮೇಲೆ ಕ್ಯಾಮೆರಾದ ಆಯ್ಕೆ ಅರ್ಧಗಂಟೆಯ ಮಾತುಕತೆಯಲ್ಲಿ ಮುಗಿಯುತ್ತದೆ; ಕ್ಯಾಮೆರಾವನ್ನು ಮೊದಲು ಗೊತ್ತುಮಾಡಿಕೊಂಡ ತಂಡವಾದರೋ ಅದರ ಅಂದಕ್ಕೆ ತಕ್ಕ ವಿಷಯವನ್ನು ಹುಡುಕುತ್ತ ಮೊದಲ ತಿಂಗಳನ್ನು ಕಳೆದುಬಿಡುತ್ತದೆ.

ಮೂರು ಬಗೆಯ ಚಿತ್ರಗಳು

ವಿದ್ಯಾರ್ಥಿಗಳ ಮುಂದಿರುವ ಆಯ್ಕೆಗಳು ಮುಖ್ಯವಾಗಿ ಮೂರು: ಸುದ್ದಿ ಪ್ಯಾಕೇಜ್, ಕಿರು ಕಥಾಚಿತ್ರ ಮತ್ತು ಕಿರು ಸಾಕ್ಷ್ಯಚಿತ್ರ. ಸುದ್ದಿ ಪ್ಯಾಕೇಜಿನಲ್ಲಿ ಎರಡು ಮೂರು ಬೈಟ್ (ಸಂಬಂಧಪಟ್ಟವರ ಮಾತಿನ ತುಣುಕು), ಅವುಗಳ ನಡುವೆ ವಿಷುವಲ್ಸ್ ಮೇಲೆ ಓದಿದ ವಾಯ್ಸ್ ಓವರ್, ಕೊನೆಗೆ ವರದಿಗಾರರ ಪಿಟಿಸಿ (ಕ್ಯಾಮೆರಾ ನೋಡಿ ನೇರವಾಗಿ ಆಡುವ ಮಾತು) ಇರುತ್ತವೆ. ಒಂದು ದಿನ ಚಿತ್ರೀಕರಣ, ಇನ್ನೊಂದು ದಿನ ಎಡಿಟಿಂಗ್ ಎಂಬಷ್ಟರಲ್ಲಿ ಕೆಲಸ ಮುಗಿಯುವುದರಿಂದ ಸಮಯವೇ ಇಲ್ಲದ ತಂಡಕ್ಕೆ ಇದು ಸುರಕ್ಷಿತ ಆಯ್ಕೆ, ಟಿವಿ ವಾಹಿನಿಯಲ್ಲಿ ಕೆಲಸ ಕೇಳುವಾಗ ತೋರಿಸುವುದಕ್ಕೂ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಈ ರೂಪ ಮೂರು ನಿಮಿಷ ಮೀರಿದರೆ ಎಳೆದಂತೆ ಕಾಣುತ್ತದೆ. ಎಂಟು ನಿಮಿಷದ ಚಿತ್ರ ಬೇಕೆಂದು ವಿಭಾಗ ಹೇಳಿದ್ದರೆ ಇದನ್ನು ಬಿಡುವುದೇ ಲೇಸು.

ಕಥಾಚಿತ್ರದತ್ತ ಒಲವು ಹೆಚ್ಚು, ಅದಕ್ಕೆ ಕಾರಣವೂ ಇದೆ. ಎಲ್ಲವೂ ತಂಡದ ಹತೋಟಿಯಲ್ಲಿರುತ್ತದೆ, ಟೇಕ್ ಸರಿಯಾಗದಿದ್ದರೆ ಮತ್ತೊಮ್ಮೆ ತೆಗೆಯಬಹುದು, ಮಳೆ ಬಂದರೆ ನಾಳೆಗೆ ಮುಂದೂಡಬಹುದು. ತೊಡಕಿರುವುದು ಬೇರೆ ಕಡೆ. ನಟಿಸುವವರು ಸಹಪಾಠಿಗಳೇ ಆಗಿರುವುದರಿಂದ ಐದು ದಿನಗಳ ಚಿತ್ರೀಕರಣಕ್ಕೆ ಐದು ದಿನವೂ ಎಲ್ಲರೂ ಸಿಗುವುದಿಲ್ಲ. ಮೊದಲ ದಿನ ಗಡ್ಡವಿದ್ದ ನಾಯಕ ಎರಡನೆಯ ದಿನ ನೆಂಟರ ಮದುವೆ ಮುಗಿಸಿಕೊಂಡು ನುಣ್ಣಗೆ ಬೋಳಿಸಿಕೊಂಡು ಬಂದರೆ ಕಂಟಿನ್ಯುಟಿಯ ಕಥೆ ಅಲ್ಲಿಗೇ ಮುಗಿಯಿತು. ಸಂಭಾಷಣೆಯ ಧ್ವನಿ ಪ್ರತಿ ಶಾಟಿನಲ್ಲೂ ಒಂದೇ ಮಟ್ಟದಲ್ಲಿರಬೇಕಾದ ಕಾರಣ ಧ್ವನಿಯ ಕೆಲಸವೂ ಸಾಕ್ಷ್ಯಚಿತ್ರಕ್ಕಿಂತ ಕಷ್ಟದ್ದು. ಕಥಾಚಿತ್ರವನ್ನೇ ಮಾಡಬೇಕೆಂದಿರುವ ತಂಡಕ್ಕೆ ಹೇಳಬಹುದಾದದ್ದು ಇಷ್ಟು: ಇಬ್ಬರೇ ಪಾತ್ರಧಾರಿಗಳು, ಒಂದೇ ಕೋಣೆ ಅಥವಾ ಒಂದೇ ಜಗಲಿ, ಹೆಚ್ಚೆಂದರೆ ಎರಡು ದಿನ. ಬೈಕ್ ಚೇಸ್, ಫ್ಲ್ಯಾಷ್‌ಬ್ಯಾಕ್ ಮತ್ತು ಕನಸಿನ ದೃಶ್ಯಗಳನ್ನು ಚಿತ್ರಕಥೆಯ ಮೊದಲ ಕರಡಿನಲ್ಲೇ ತೆಗೆದುಹಾಕಬೇಕು.

ಮೊದಲ ಬಾರಿ ಚಿತ್ರ ಮಾಡುತ್ತಿರುವ ತಂಡಕ್ಕೆ ನನ್ನ ಸಲಹೆ ಸಾಕ್ಷ್ಯಚಿತ್ರ. ಅದರಲ್ಲೂ ಕಣ್ಣೆದುರು ನಡೆಯುವ ಯಾವುದಾದರೂ ಒಂದು ಕೆಲಸವನ್ನು ಆರಂಭದಿಂದ ಕೊನೆಯವರೆಗೆ ತೋರಿಸುವ ಚಿತ್ರ. 'ನೀರಿನ ಸಮಸ್ಯೆ', 'ಯುವಜನರು ಮತ್ತು ಮೊಬೈಲ್' ಎಂಬಂಥ ವಿಷಯಗಳನ್ನು ಎತ್ತಿಕೊಂಡವರ ಚಿತ್ರದಲ್ಲಿ ನಾಲ್ಕು ಜನ ಕುರ್ಚಿಯಲ್ಲಿ ಕುಳಿತು ಮಾತನಾಡುವುದೇ ತುಂಬಿರುತ್ತದೆ, ಏಕೆಂದರೆ ಕ್ಯಾಮೆರಾ ತೋರಿಸುವಂಥದ್ದೇನೂ ಅಲ್ಲಿ ನಡೆಯುತ್ತಿರುವುದಿಲ್ಲ. ಕೆಲಸವೊಂದನ್ನು ಹಿಂಬಾಲಿಸಿದರೆ ಚಿತ್ರದ ಮೊದಲು, ನಡುವೆ, ಕೊನೆ ಎಲ್ಲವೂ ಆ ಕೆಲಸದಲ್ಲೇ ಇರುತ್ತವೆ.

ಆಲೆಮನೆ, ರೇಷ್ಮೆ, ಚೌಕಿ

ಕೆಲಸವನ್ನು ಚಿತ್ರೀಕರಿಸುವುದೆಂದು ತೀರ್ಮಾನಿಸಿದ ಮೇಲೆ ಎಂಥ ಕೆಲಸ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಅಳತೆಗೋಲಿದೆ: ತಪ್ಪಿಹೋದ ದೃಶ್ಯ ಮತ್ತೆ ಎಷ್ಟು ಹೊತ್ತಿಗೆ ಸಿಗುತ್ತದೆ? ಮೂರು ಉದಾಹರಣೆಗಳನ್ನು ಇಟ್ಟು ನೋಡಬಹುದು.

ಮಂಡ್ಯದ ಕಡೆಯ ಆಲೆಮನೆಯಲ್ಲಿ ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದು, ಒಣಗಿದ ಕಬ್ಬಿನ ಸಿಪ್ಪೆಯ ಉರಿಯಲ್ಲಿ ಕುದಿದು, ಸುಣ್ಣ ಹಾಕಿದ ಮೇಲೆ ಎದ್ದು ಬಂದ ಕಲ್ಮಷವನ್ನು ತೆಗೆಸಿಕೊಂಡು, ಪಾಕ ಹದಕ್ಕೆ ಬಂದು ಅಚ್ಚಿಗೆ ಬೀಳುವವರೆಗೆ ಸುಮಾರು ಎರಡರಿಂದ ಮೂರು ಗಂಟೆ ಬೇಕು. ಒಂದು ಕೊಪ್ಪರಿಗೆ ಇಳಿದ ಮೇಲೆ ಇನ್ನೊಂದು ಏರುತ್ತದೆ. ಹದ ನೋಡಲು ಕೆಲಸಗಾರ ತಣ್ಣೀರಿಗೆ ಪಾಕದ ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುವ ಗಳಿಗೆ ಕ್ಯಾಮೆರಾಕ್ಕೆ ತಪ್ಪಿತೆನ್ನಿ. ಮಧ್ಯಾಹ್ನದ ಕೊಪ್ಪರಿಗೆಯಲ್ಲಿ ಅದೇ ಗಳಿಗೆ ಮತ್ತೆ ಬರುತ್ತದೆ. ಆ ಎರಡನೆಯ ಸಲಕ್ಕೆ ಯಾರು ಎಲ್ಲಿ ನಿಲ್ಲುತ್ತಾರೆ, ಕೈ ಯಾವ ಕಡೆಯಿಂದ ಬರುತ್ತದೆ ಎಂಬುದೆಲ್ಲ ತಂಡಕ್ಕೆ ಗೊತ್ತಿರುತ್ತದೆ, ಆದ್ದರಿಂದ ಶಾಟ್ ಮೊದಲಿನದಕ್ಕಿಂತ ಚೆನ್ನಾಗಿ ಬರುತ್ತದೆ. ಮೊದಲ ಕೊಪ್ಪರಿಗೆಯನ್ನು ವೈಡ್ ಶಾಟ್‌ಗಳಿಗೆ, ಎರಡನೆಯದನ್ನು ಕ್ಲೋಸಪ್‌ಗಳಿಗೆ ಎಂದು ಹಂಚಿಕೊಂಡರೆ ಒಂದೇ ಕ್ಯಾಮೆರಾದಲ್ಲಿ ಎರಡು ಕ್ಯಾಮೆರಾದ ಕೆಲಸವಾಗುತ್ತದೆ.

ರೇಷ್ಮೆ ಇದಕ್ಕೆ ತದ್ವಿರುದ್ಧ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನೋಡುವುದಕ್ಕೆ ಸೊಗಸು, ಅದನ್ನು ಬೇಕಾದರೆ ಇನ್ನೊಂದು ದಿನ ಹೋಗಿಯೂ ತೆಗೆಯಬಹುದು. ಆದರೆ ಸಾಕಣೆ ಮನೆಯಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಏರುವ ದಿನ ಒಂದು ಬೆಳೆಗೆ ಒಂದೇ ಸಲ, ಇಂಟರ್ನಲ್ಸ್ ಇದೆಯೆಂದು ಅದು ಕಾಯುವುದಿಲ್ಲ. ಅದು ತಪ್ಪಿದರೆ ಮುಂದಿನ ಬೆಳೆಗೆ ತಿಂಗಳ ಮೇಲೆ ಕಾಯಬೇಕು, ಅಷ್ಟರಲ್ಲಿ ಸಲ್ಲಿಕೆಯ ದಿನಾಂಕ ಮುಗಿದಿರುತ್ತದೆ. ತಂಡದಲ್ಲಿ ಯಾರದಾದರೂ ಮನೆಯಲ್ಲೇ ಹುಳು ಸಾಕುತ್ತಿದ್ದರೆ ಮಾತ್ರ ಈ ವಿಷಯಕ್ಕೆ ಕೈಹಾಕಬಹುದು.

ಕರಾವಳಿ ಮತ್ತು ಮಲೆನಾಡಿನ ಕಾಲೇಜುಗಳಲ್ಲಿ ಯಕ್ಷಗಾನದ ಚಿತ್ರ ಪ್ರತಿ ವರ್ಷವೂ ಒಂದಾದರೂ ಇರುತ್ತದೆ, ಅದರಲ್ಲಿ ಮುಕ್ಕಾಲು ಭಾಗ ರಂಗಸ್ಥಳದ ಮುಂದೆ ನಿಂತು ತೆಗೆದದ್ದೇ ಆಗಿರುತ್ತದೆ. ದೂರದಿಂದ ಕಾಣುವ ವೇಷ, ಸುತ್ತ ಕತ್ತಲು, ಚೆಂಡೆಯ ಏಟಿಗೆ ಒಡೆದುಹೋದ ಧ್ವನಿ: ಹಿಂದಿನ ವರ್ಷದ ತಂಡ ತಂದದ್ದೂ ಇದನ್ನೇ. ಆದರೆ ವೇಷ ಕಟ್ಟುವ ಮನೆಯಾದ ಚೌಕಿಯಲ್ಲಿ ಬೆಳಕು ಹತ್ತಿರವಿರುತ್ತದೆ, ಕಲಾವಿದರು ಒಂದೇ ಕಡೆ ಕುಳಿತು ತಾಸುಗಟ್ಟಲೆ ಬಣ್ಣ ಹಚ್ಚಿಕೊಳ್ಳುತ್ತಾರೆ, ಮಾತೂ ಸಿಗುತ್ತದೆ. ಮೇಳದ ಮ್ಯಾನೇಜರರ ಒಪ್ಪಿಗೆ ಪಡೆದು ಚೌಕಿಯನ್ನು ಮುಖ್ಯವಾಗಿಟ್ಟು, ರಂಗಸ್ಥಳವನ್ನು ಒಂದೆರಡು ನಿಮಿಷಕ್ಕೆ ಮಿತಗೊಳಿಸಿದರೆ ಅದೇ ವಿಷಯ ಬೇರೆಯೇ ಚಿತ್ರವಾಗುತ್ತದೆ. ಮುಂದೆ ಸಲಕರಣೆಗಳನ್ನು ಹೋಲಿಸುವಾಗ ನಾನು ಹೆಚ್ಚಾಗಿ ಆಲೆಮನೆಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಹೊಗೆ, ಹಬೆ, ಯಂತ್ರದ ಸದ್ದು, ಅರೆಗತ್ತಲು ನಾಲ್ಕೂ ಒಟ್ಟಿಗೆ ಇರುವ ಜಾಗ ಅದು.

ಕಾಗದದ ಮೇಲಿನ ಕೆಲಸ

ಕಥಾಚಿತ್ರಕ್ಕೆ ಸಂಭಾಷಣೆ ಸಮೇತ ಪೂರ್ಣ ಚಿತ್ರಕಥೆ ಬೇಕು. ಸಾಕ್ಷ್ಯಚಿತ್ರಕ್ಕೆ ಎಡಗಡೆ ದೃಶ್ಯ, ಬಲಗಡೆ ಧ್ವನಿ ಎಂದು ಪುಟವನ್ನು ಎರಡು ಭಾಗ ಮಾಡಿದ ಬರಹ ಸಾಕು, ಅದನ್ನೂ ಸ್ಥಳಕ್ಕೆ ಒಮ್ಮೆ ಬರಿಗೈಯಲ್ಲಿ ಹೋಗಿಬಂದ ಮೇಲೆ ಬರೆಯಬೇಕು. ಹೀಗೆ ಮೊದಲೇ ನೋಡಿಬರುವುದನ್ನು ಸಮಯ ಹಾಳೆಂದು ಬಿಟ್ಟವರು ಚಿತ್ರೀಕರಣದ ದಿನ ಅರ್ಧವನ್ನು ಅದಕ್ಕೇ ಕಳೆಯುತ್ತಾರೆ. ಆಲೆಮನೆಗೆ ಹೋದಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬಹಳ ಸರಳವಾದವು: ಗಾಣ ಎಷ್ಟು ಗಂಟೆಗೆ ಶುರುವಾಗುತ್ತದೆ, ತ್ರೀಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆ, ಯಜಮಾನರು ಎಷ್ಟು ಹೊತ್ತಿಗೆ ಬಿಡುವಾಗಿರುತ್ತಾರೆ, ಕೆಲಸಗಾರರು ಕನ್ನಡ ಬಲ್ಲವರೇ. ಹೊರರಾಜ್ಯದವರು ಕೆಲಸಕ್ಕಿರುವ ಆಲೆಮನೆಗಳೂ ಇರುವುದರಿಂದ ಕೊನೆಯ ಪ್ರಶ್ನೆಗೆ ಬರುವ ಉತ್ತರದ ಮೇಲೆ ಸಬ್‌ಟೈಟಲ್ ಬೇಕೋ ಬೇಡವೋ ಎಂಬುದು ಅಂದೇ ತೀರ್ಮಾನವಾಗುತ್ತದೆ.

ಸ್ಟೋರಿಬೋರ್ಡ್ ಬರೆಯಬೇಕೇ ಎಂದು ಕೇಳುವವರಿದ್ದಾರೆ. ಕಥಾಚಿತ್ರಕ್ಕಾದರೆ ಕಡ್ಡಿ ಮನುಷ್ಯರ ಚಿತ್ರವಾದರೂ ಸರಿ, ಬರೆಯಬೇಕು. ಸಾಕ್ಷ್ಯಚಿತ್ರಕ್ಕೆ ಅದರ ಬದಲು ಶಾಟ್ ಪಟ್ಟಿ ಇರಲಿ, ಒಂದೊಂದು ಶಾಟ್ ಮುಗಿದಂತೆ ಗೆರೆ ಎಳೆಯಲು ಒಬ್ಬರನ್ನು ನೇಮಿಸಿದರೆ ಆಯಿತು.

ಧ್ವನಿ: ಹಣ ಇದ್ದರೆ ಇಲ್ಲೇ ಸುರಿಯಿರಿ

ತರಗತಿಯಲ್ಲಿ ಪ್ರದರ್ಶನದ ದಿನ ಮಂಕಾದ ದೃಶ್ಯವನ್ನು ನೋಡುಗರು ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಎರಡೇ ನಿಮಿಷದಲ್ಲಿ ಮೊಬೈಲ್ ತೆಗೆಯುತ್ತಾರೆ. ತಂಡದ ಬಳಿ ಇರುವ ಅಲ್ಪಸ್ವಲ್ಪ ಹಣವನ್ನು ಕ್ಯಾಮೆರಾ ಬಾಡಿಗೆಗೆ ಕೊಡುವುದಕ್ಕಿಂತ ಮೈಕಿಗೆ ಕೊಡುವುದು ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ನಾಲ್ಕು ಆಯ್ಕೆಗಳಿವೆ.

ಮೊದಲನೆಯದು ಮೊಬೈಲಿನದೇ ಮೈಕ್. ಸದ್ದಿಲ್ಲದ ಕೋಣೆಯಲ್ಲಿ ಮಾತನಾಡುವವರಿಂದ ಒಂದು ಮಾರಿನೊಳಗೆ ಇಟ್ಟರೆ ಪರವಾಗಿಲ್ಲ. ಅದಕ್ಕಿಂತ ದೂರ ಸರಿದರೆ ಗೋಡೆಯ ಪ್ರತಿಧ್ವನಿ, ಫ್ಯಾನಿನ ಸದ್ದು, ಹೊರಗಿನ ಬಸ್ಸು ಎಲ್ಲವೂ ಮಾತಿನಷ್ಟೇ ಜೋರಾಗಿ ದಾಖಲಾಗುತ್ತವೆ. ಆಲೆಮನೆಯಲ್ಲಿ ಇದು ನಡೆಯುವುದೇ ಇಲ್ಲ.

ಎರಡನೆಯದು ತಂತಿಯ ಕಾಲರ್ ಮೈಕ್. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಆರು ಮೀಟರ್ ಉದ್ದದ ತಂತಿ ಇರುವ ಇಂಥ ಮೈಕ್ ವಿದ್ಯಾರ್ಥಿ ತಂಡಗಳಿಗೆ ಅತ್ಯುತ್ತಮ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವಾಗ ಅದರ ಪಿನ್ ನೋಡಬೇಕು: ಪಿನ್ನಿನ ಮೇಲೆ ಮೂರು ಕಪ್ಪು ಗೆರೆಗಳಿದ್ದರೆ ಅದು ಮೊಬೈಲಿನದು, ಎರಡಿದ್ದರೆ ಕ್ಯಾಮೆರಾದ್ದು. ಎರಡಕ್ಕೂ ಹೊಂದುವ ಮೈಕುಗಳಲ್ಲಿ ತಂತಿಯ ನಡುವೆ ಸಣ್ಣ ಡಬ್ಬಿಯೊಂದಿದ್ದು, ಅದರೊಳಗೆ ಎಲ್‌ಆರ್ 44 ಎಂಬ ಗುಂಡಿ ಸೆಲ್ ಇರುತ್ತದೆ; ಕ್ಯಾಮೆರಾಕ್ಕೆ ಹಾಕುವಾಗ ಸ್ವಿಚ್ ಕ್ಯಾಮೆರಾ ಕಡೆಗಿರಬೇಕು, ಕೆಲಸವಾದ ಮೇಲೆ ಅದನ್ನು ತಿರುಗಿಸದೆ ಚೀಲಕ್ಕೆ ಹಾಕಿದರೆ ಮುಂದಿನ ಸಲಕ್ಕೆ ಸೆಲ್ ಮುಗಿದಿರುತ್ತದೆ. ಹೊಸ ಮೊಬೈಲುಗಳಲ್ಲಿ ಇಯರ್‌ಫೋನ್ ತೂತೇ ಇಲ್ಲದಿರುವುದರಿಂದ ಟೈಪ್‌–ಸಿ ಅಡಾಪ್ಟರ್ ಬೇಕಾಗುತ್ತದೆ, ಕೆಲವು ಅಡಾಪ್ಟರುಗಳು ಮೈಕಿನ ಧ್ವನಿಯನ್ನು ಒಳಗೆ ಬಿಡುವುದಿಲ್ಲ. ಅಂಗಡಿಯಲ್ಲೇ ಮಾತನಾಡಿ, ರೆಕಾರ್ಡ್ ಮಾಡಿ, ಕೇಳಿ ನೋಡಿ ಕೊಳ್ಳಬೇಕು.

ಮೂರನೆಯದು ವೈರ್‌ಲೆಸ್ ಕಾಲರ್ ಮೈಕ್. ನಡೆದಾಡುತ್ತ ಮಾತನಾಡುವವರಿಗೆ ಇದು ಅನುಕೂಲ. ಅಗ್ಗದ ಬಹುತೇಕ ಸೆಟ್‌ಗಳು ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯಲ್ಲೇ ಕೆಲಸ ಮಾಡುವುದರಿಂದ ಜನಸಂದಣಿಯಲ್ಲಿ ಅಥವಾ ಮಾತನಾಡುವವರು ಬೆನ್ನು ತಿರುಗಿಸಿದಾಗ ಧ್ವನಿ ಕತ್ತರಿಸಿ ಹೋಗಬಹುದು. ಇಯರ್‌ಫೋನಿನಲ್ಲಿ ಕೇಳಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಅದು ಮನೆಗೆ ಬಂದ ಮೇಲೆಯೇ ಗೊತ್ತಾಗುವುದು. ತಂತಿಯ ಮೈಕ್ ಜೊತೆಯಲ್ಲಿಲ್ಲದೆ ಬರೀ ಇದನ್ನೇ ನಂಬಿ ಹೊರಡುವುದನ್ನು ನಾನು ಒಪ್ಪುವುದಿಲ್ಲ.

ನಾಲ್ಕನೆಯದು ಪ್ರತ್ಯೇಕ ಆಡಿಯೊ ರೆಕಾರ್ಡರ್. ವಿಭಾಗದಲ್ಲಿ ಇದ್ದರೆ ಖಂಡಿತ ತೆಗೆದುಕೊಂಡು ಹೋಗಬೇಕು. ಇಲ್ಲದಿದ್ದರೆ ಎರಡನೆಯ ಮೊಬೈಲಿಗೆ ಕಾಲರ್ ಮೈಕ್ ಸಿಕ್ಕಿಸಿ, ಅದನ್ನು ಮಾತನಾಡುವವರ ಜೇಬಿನಲ್ಲೇ ಇಟ್ಟರೆ ಅದೇ ರೆಕಾರ್ಡರ್ ಆಗುತ್ತದೆ. ಇಡುವ ಮುನ್ನ ಫ್ಲೈಟ್ ಮೋಡ್ ಹಾಕಬೇಕು. ವಿಡಿಯೊದ ಜೊತೆ ಹೊಂದಿಸಲು ರೆಕಾರ್ಡರನ್ನು 48 ಕಿಲೊಹರ್ಟ್ಸ್‌ಗೆ ಇಟ್ಟು, ಮಾತು ಶುರುವಾಗುವ ಮೊದಲು ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ಹೊಡೆದರೆ ಸಾಕು: ಎಡಿಟಿಂಗ್‌ನಲ್ಲಿ ಎರಡೂ ಕಡೆಯ ಏಟನ್ನು ಒಂದರ ಕೆಳಗೊಂದು ಕೂರಿಸಿದರೆ ತುಟಿ ಮತ್ತು ಮಾತು ಹೊಂದುತ್ತವೆ. ಧ್ವನಿಯ ಮಟ್ಟ ಜೋರಾದ ಮಾತಿಗೂ ಮೈನಸ್ 12 ಡೆಸಿಬಲ್ ಸುತ್ತಮುತ್ತ ಇರಲಿ. ಕಡಿಮೆಯಾದದ್ದನ್ನು ಏರಿಸಬಹುದು, ಒಡೆದದ್ದನ್ನು ಕೂಡಿಸಲಾಗದು.

ಯಾವ ಮೈಕ್ ಆದರೂ ಗಾಣದ ಪಕ್ಕದಲ್ಲಿ ನಿಂತು ಸಂದರ್ಶನ ಮಾಡುವುದು ತಪ್ಪು. ಯಜಮಾನರನ್ನು ಗಾಣ ನಿಂತ ಹೊತ್ತಿನಲ್ಲಿ ಅಥವಾ ಗದ್ದೆಯ ಬದುವಿಗೆ ಕರೆತಂದು ಮಾತನಾಡಿಸಿ, ಗಾಣದ ಸದ್ದನ್ನೂ ಉರಿಯ ಸದ್ದನ್ನೂ ಕೊಪ್ಪರಿಗೆ ಕುದಿಯುವ ಸದ್ದನ್ನೂ ತಲಾ ಒಂದು ನಿಮಿಷ ಬೇರೆಯಾಗಿ ದಾಖಲಿಸಿಕೊಂಡರೆ, ಎಡಿಟಿಂಗ್‌ನಲ್ಲಿ ಮಾತಿನ ಕೆಳಗೆ ಎಷ್ಟು ಬೇಕೋ ಅಷ್ಟು ಸದ್ದನ್ನು ನಾವೇ ಹಾಕಿಕೊಳ್ಳಬಹುದು. ಸಂದರ್ಶನ ನಡೆದ ಜಾಗದಲ್ಲಿ ಯಾರೂ ಮಾತನಾಡದೆ ನಿಂತು ಅರ್ಧ ನಿಮಿಷದ ಬರೀ ವಾತಾವರಣದ ಸದ್ದನ್ನು ತೆಗೆದುಕೊಳ್ಳುವುದೂ ಅಷ್ಟೇ ಮುಖ್ಯ. ಮಾತಿನ ನಡುವೆ ಕತ್ತರಿ ಹಾಕಿದ ಕಡೆ ಆ ತುಣುಕೇ ಹೊಲಿಗೆಯಾಗುತ್ತದೆ.

ಕ್ಯಾಮೆರಾ: ಮೊಬೈಲ್, ಡಿಎಸ್‌ಎಲ್‌ಆರ್, ಹ್ಯಾಂಡಿಕ್ಯಾಮ್

ಇಷ್ಟಾದ ಮೇಲೆ ಕ್ಯಾಮೆರಾ. ಹಗಲು ಬೆಳಕಿನ ಕೆಲಸಕ್ಕೆ ಈಚಿನ ಮಧ್ಯಮ ಬೆಲೆಯ ಮೊಬೈಲ್ ಸಾಕು, ಸಂಕೋಚಪಡಬೇಕಾಗಿಲ್ಲ. ಹತ್ತಿರ ಹೋದರೆ ಜನ ಅಳುಕುವುದಿಲ್ಲ, ಫೋಕಸ್ ತಾನೇ ಹಿಡಿಯುತ್ತದೆ, ಕೈನಡುಕವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಅದರ ದೌರ್ಬಲ್ಯಗಳು ಮೂರು: ಕತ್ತಲಲ್ಲಿ ದೃಶ್ಯ ಕದಡಿದಂತಾಗುತ್ತದೆ, ಬೆರಳಿನಿಂದ ಎಳೆದ ಜೂಮ್ ಚಿತ್ರವನ್ನು ಹಿಗ್ಗಿಸುತ್ತದೆಯೇ ಹೊರತು ಹತ್ತಿರಕ್ಕೆ ತರುವುದಿಲ್ಲ, ಬೆಳಕು ಬದಲಾದಂತೆಲ್ಲ ಕ್ಯಾಮೆರಾ ಒಳಬಿಡುವ ಬೆಳಕಿನ ಮಟ್ಟ, ಅಂದರೆ ಎಕ್ಸ್‌ಪೋಷರ್ ಏರಿಳಿಯುತ್ತದೆ. ಕೊಪ್ಪರಿಗೆಯ ಕೆಳಗಿನ ಉರಿ ಫ್ರೇಮಿನೊಳಗೆ ಬಂದಾಗಲೆಲ್ಲ ಕೆಲಸಗಾರನ ಮುಖ ಕಪ್ಪಾಗುವುದು ಈ ಕಾರಣದಿಂದಲೇ. ಪರದೆಯ ಮೇಲೆ ಮುಖದ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ಎಕ್ಸ್‌ಪೋಷರ್ ಮತ್ತು ಫೋಕಸ್‌ ಅನ್ನು ಲಾಕ್ ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ.

ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಅರೆಗತ್ತಲಲ್ಲಿ ಮೊಬೈಲಿಗಿಂತ ಬಹಳ ಮೇಲು, ಹಿನ್ನೆಲೆ ಮಸುಕಾಗುವ ಚಿತ್ರವೂ ಅದರಲ್ಲೇ ಚೆಂದ. ಆದರೆ ವಿಡಿಯೊಗೆಂದು ಆರಿಸುವಾಗ ಮಾದರಿಯನ್ನು ನೋಡಬೇಕು. ಕಾಲೇಜುಗಳಲ್ಲೂ ಸ್ಟುಡಿಯೊಗಳಲ್ಲೂ ಸಾಮಾನ್ಯವಾಗಿ ಕಾಣುವ ಕ್ಯಾನನ್ 1500ಡಿಯಲ್ಲಿ ಹೊರಗಿನ ಮೈಕ್ ಸಿಕ್ಕಿಸುವ ತೂತೇ ಇಲ್ಲ. ಅದೇ ಕಂಪನಿಯ 200ಡಿಯಲ್ಲಿ ಇದೆ. ಮೊದಲನೆಯದು ಸಿಕ್ಕರೆ ಧ್ವನಿಯನ್ನು ಬೇರೆ ಮೊಬೈಲಿನಲ್ಲಿ ದಾಖಲಿಸುವುದು ಅನಿವಾರ್ಯ ಎಂದು ಮೊದಲೇ ತಿಳಿದಿರಬೇಕು. ಈ ಬಗೆಯ ಹಲವು ಕ್ಯಾಮೆರಾಗಳು ಒಂದು ಬಾರಿಗೆ 29 ನಿಮಿಷ 59 ಸೆಕೆಂಡಿನ ಮೇಲೆ ರೆಕಾರ್ಡ್ ಮಾಡುವುದಿಲ್ಲ ಎಂಬುದೂ ಗೊತ್ತಿರಲಿ, ಇಲ್ಲವಾದರೆ ಉದ್ದನೆಯ ಸಂದರ್ಶನದ ನಡುವೆ ಕ್ಯಾಮೆರಾ ಸುಮ್ಮನೆ ನಿಂತಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಕಿಟ್ ಲೆನ್ಸನ್ನು ಬೆಳಗಿನ ಚಳಿಯಿಂದ ಒಮ್ಮೆಲೇ ಕೊಪ್ಪರಿಗೆಯ ಹಬೆಗೆ ಒಯ್ದರೆ ಗಾಜು ಮಬ್ಬಾಗುತ್ತದೆ. ಹತ್ತು ಹದಿನೈದು ನಿಮಿಷ ಒಳಗೆ ಇಟ್ಟು ಬೆಚ್ಚಗಾದ ಮೇಲೆ ಮುಚ್ಚಳ ತೆಗೆಯಬೇಕು. ಬಾಡಿಗೆಯ ಕ್ಯಾಮೆರಾ ಆಗಿದ್ದರೆ ಪಾಕ ಸಿಡಿಯುವ ದೂರಕ್ಕೆ ಹೋಗುವ ಸಾಹಸ ಬೇಡ, ಆ ಶಾಟಿಗೆ ಮೊಬೈಲೇ ಆಗಲಿ.

ವಿಭಾಗದ ಬೀರುವಿನಲ್ಲಿ ಹಳೆಯ ಹ್ಯಾಂಡಿಕ್ಯಾಮ್ ಇದ್ದರೆ ಅದನ್ನು ಹಳತೆಂದು ತಳ್ಳಿಹಾಕಬಾರದು. ಅರೆಗತ್ತಲಲ್ಲಿ ಅದು ಸೋಲುತ್ತದೆ, ಆದರೆ ದೂರದಿಂದ ನಯವಾಗಿ ಜೂಮ್ ಮಾಡಿ ತಾಸುಗಟ್ಟಲೆ ನಿಲ್ಲಿಸದೆ ದಾಖಲಿಸುವುದರಲ್ಲಿ ಉಳಿದೆರಡೂ ಅದಕ್ಕೆ ಸಾಟಿಯಲ್ಲ. ಸಭೆ, ಹರಾಜು, ಆಟದ ಮೈದಾನಕ್ಕೆ ಅದೇ ಸರಿ.

ಯಾವುದನ್ನು ಆರಿಸಿಕೊಂಡರೂ ಸೆಟ್ಟಿಂಗ್‌ಗಳ ವಿಷಯದಲ್ಲಿ ತಂಡದ ಎಲ್ಲರೂ ಒಂದೇ ಮಾತಿಗೆ ಬಂದಿರಬೇಕು. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆಗಿರುವುದರಿಂದ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ ಈ ಮಿನುಗು ಸೆಕೆಂಡಿಗೆ 30 ಫ್ರೇಮಿನಲ್ಲಿ, 1/60 ಸೆಕೆಂಡಿನ ಷಟರ್‌ನಲ್ಲಿ ತೆಗೆದ ವಿಡಿಯೊದಲ್ಲಿ ಮೇಲಕ್ಕೂ ಕೆಳಕ್ಕೂ ಹರಿಯುವ ಪಟ್ಟಿಗಳಾಗಿ ಕಾಣಿಸುತ್ತದೆ. 25 ಫ್ರೇಮ್ ಮತ್ತು 1/50 ಷಟರ್ ಇಟ್ಟರೆ ಅದು ಕಾಣುವುದಿಲ್ಲ. ಮೊಬೈಲಿನ ಕ್ಯಾಮೆರಾ ಆ್ಯಪ್‌ನಲ್ಲಿ 25 ಫ್ರೇಮ್ ಇಲ್ಲದಿದ್ದರೆ 30ರಲ್ಲೇ ತೆಗೆದು, ಪ್ರೊ ವಿಡಿಯೊ ಮೋಡ್ ಇರುವ ಫೋನಿನಲ್ಲಿ ಷಟರನ್ನು 1/50 ಅಥವಾ 1/100ಕ್ಕೆ ಇಡಬಹುದು. ಒಬ್ಬರ ಫೋನು 30, ಇನ್ನೊಬ್ಬರದು 60, ಕ್ಯಾಮೆರಾ 25 ಎಂದು ಬೆರೆಸಿ ತಂದರೆ ಟೈಮ್‌ಲೈನಿನಲ್ಲಿ ಚಲನೆ ತಡವರಿಸುತ್ತದೆ.

4ಕೆ ಬೇಕೇ? ವಿಭಾಗದ ಪ್ರೊಜೆಕ್ಟರಿಗೆ 1080ಪಿ ಧಾರಾಳ. ಮೊಬೈಲಿನ 1080ಪಿ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ ತೆಗೆದುಕೊಂಡರೆ 4ಕೆ ಅದರ ಎರಡೂವರೆ ಮೂರು ಪಟ್ಟು ತೆಗೆದುಕೊಳ್ಳುತ್ತದೆ. ಎರಡು ಗಂಟೆಯ ಚಿತ್ರೀಕರಣಕ್ಕೆ 16 ಜಿಬಿ ಎಲ್ಲಿ, 40 ಜಿಬಿಯ ಮೇಲೆ ಎಲ್ಲಿ! ಲ್ಯಾಬಿನ ಕಂಪ್ಯೂಟರ್ 4ಕೆ ಫೈಲನ್ನು ಎಳೆಯಲಾರದೆ ಏದುಸಿರು ಬಿಡುವುದು ಇದರ ಮೇಲಿನ ಮಾತು. ಸಂದರ್ಶನವನ್ನು ಒಂದೇ ಕ್ಯಾಮೆರಾದಲ್ಲಿ ತೆಗೆದು, ಎಡಿಟಿಂಗ್‌ನಲ್ಲಿ ಅದನ್ನೇ ಹಿಗ್ಗಿಸಿ ಕ್ಲೋಸಪ್ ಮಾಡಿಕೊಳ್ಳುವ ಯೋಚನೆ ಇದ್ದರೆ ಮಾತ್ರ ಆ ಒಂದು ಸಂದರ್ಶನಕ್ಕೆ 4ಕೆ ಇರಲಿ.

ಟ್ರೈಪಾಡ್ ಮತ್ತು ಗಿಂಬಲ್ (ನಡೆದಾಡುವಾಗ ಕ್ಯಾಮೆರಾ ಅಲುಗದಂತೆ ತಡೆಯುವ ಹಿಡಿಕೆ) ನಡುವೆ ಒಂದನ್ನೇ ತರಬಹುದಾದರೆ ಟ್ರೈಪಾಡನ್ನೇ ತರಬೇಕು. ಎಲ್ಲ ಶಾಟುಗಳಲ್ಲೂ ತೇಲಾಡುವ ಕ್ಯಾಮೆರಾ ಮೂರನೆಯ ನಿಮಿಷಕ್ಕೇ ಬೇಸರ ತರಿಸುತ್ತದೆ. ಬೆಳಕಿಗೆಂದು ಎಲ್‌ಇಡಿ ದೀಪ ಬಾಡಿಗೆಗೆ ತರುವ ಬದಲು ಸಂದರ್ಶನವನ್ನು ಕಿಟಕಿಯ ಅಥವಾ ಬಾಗಿಲಿನ ಬಳಿ, ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳುವಂತೆ ಇಟ್ಟುಕೊಂಡರೆ ಸಾಕು. ಕಿಟಕಿಗೆ ಬೆನ್ನು ಮಾಡಿ ಕೂರಿಸಬಾರದು, ಅಷ್ಟೇ.

ಅನುಮತಿ

ಖಾಸಗಿ ಜಾಗದಲ್ಲಿ ಮಾಲೀಕರ ಒಪ್ಪಿಗೆ, ಸಾರ್ವಜನಿಕ ಸಂಸ್ಥೆಯಲ್ಲಿ ತಮ್ಮ ಕಾಲೇಜಿನ ಪ್ರಾಂಶುಪಾಲರ ಸಹಿ ಇರುವ ಪತ್ರ: ಇವೆರಡಿದ್ದರೆ ಹೆಚ್ಚಿನ ಕಡೆ ಕೆಲಸ ನಡೆಯುತ್ತದೆ. ರೈಲು ನಿಲ್ದಾಣ, ಮೆಟ್ರೊ, ಹಂಪಿ ಮತ್ತು ಪಟ್ಟದಕಲ್ಲಿನಂಥ ಸಂರಕ್ಷಿತ ಸ್ಮಾರಕಗಳ ಕಥೆ ಬೇರೆ. ಅಲ್ಲಿ ಟ್ರೈಪಾಡ್ ಬಿಚ್ಚುವ ಮುಂಚೆಯೇ ಸಂಬಂಧಪಟ್ಟ ಇಲಾಖೆಯ ಅನುಮತಿ ಕೈಯಲ್ಲಿರಬೇಕು, ಅರ್ಜಿ ಹಾಕಿ ಉತ್ತರ ಬರುವಷ್ಟರಲ್ಲಿ ಎರಡು ತಿಂಗಳ ಪ್ರಾಜೆಕ್ಟಿನ ಅವಧಿ ಮುಗಿದರೂ ಆಶ್ಚರ್ಯವಿಲ್ಲ. ಸಮಯ ಕಡಿಮೆಯಿರುವ ತಂಡ ಇಂಥ ಜಾಗವನ್ನು ಆರಿಸದಿರುವುದು ಒಳ್ಳೆಯದು. ಡ್ರೋನ್ ಬಳಸುವವರಿಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಹಸಿರು, ಹಳದಿ, ಕೆಂಪು ಎಂಬ ಮೂರು ವಲಯಗಳಲ್ಲಿ ತಮ್ಮ ಜಾಗ ಯಾವುದರಲ್ಲಿದೆ ಎಂದು ನೋಡಿಕೊಳ್ಳಬೇಕು, ಮದುವೆಗೆ ಹಾರಿಸುವವರನ್ನು ಕರೆತಂದರೂ ನಿಯಮವೇನೂ ಬದಲಾಗದು. ಎಂಟು ನಿಮಿಷದ ಚಿತ್ರಕ್ಕೆ ಡ್ರೋನ್ ಶಾಟ್ ಇಲ್ಲದೆ ಕೊರತೆಯಾದದ್ದನ್ನು ನಾನಂತೂ ಕಂಡಿಲ್ಲ.

ಮಕ್ಕಳ ವಿಷಯದಲ್ಲಿ ಎಚ್ಚರ ಬೇಕು. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಸೆಕ್ಷನ್ ಮತ್ತು 2012ರ ಪೋಕ್ಸೊ ಕಾಯ್ದೆಯ 23ನೆಯ ಸೆಕ್ಷನ್ ಪ್ರಕಾರ, ಆ ಕಾಯ್ದೆಗಳಡಿ ಬರುವ ಮಕ್ಕಳ ಗುರುತು ತಿಳಿಯುವಂಥ ಹೆಸರು, ಶಾಲೆ, ಚಿತ್ರ ಯಾವುದನ್ನೂ ಮಾಧ್ಯಮದಲ್ಲಿ ತೋರಿಸುವಂತಿಲ್ಲ. ಮುಖ ಮಸುಕು ಮಾಡಿ ಮನೆಯ ಬಾಗಿಲನ್ನು ಸ್ಪಷ್ಟವಾಗಿ ತೋರಿಸಿದರೆ ಗುರುತು ಮುಚ್ಚಿದಂತಾಗುವುದಿಲ್ಲ.

ಎಡಿಟಿಂಗ್, ಅಕ್ಷರ, ಸಂಗೀತ

ತಂಡದವರ ಫೋನುಗಳಿಂದ ಕ್ಲಿಪ್‌ಗಳನ್ನು ಒಟ್ಟುಮಾಡುವಾಗಲೇ ಅರ್ಧದಷ್ಟು ಗುಣಮಟ್ಟ ಸೋರಿಹೋಗುವುದುಂಟು. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳುಹಿಸಿದರೆ ಅದು ಕುಗ್ಗುತ್ತದೆ; ಡಾಕ್ಯುಮೆಂಟ್ ಎಂದು ಕಳುಹಿಸಿದರೆ 2 ಜಿಬಿವರೆಗಿನ ಫೈಲ್ ಇದ್ದಂತೆಯೇ ಹೋಗುತ್ತದೆ. ಕೇಬಲ್ ಹಾಕಿ ನೇರವಾಗಿ ನಕಲಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಮೂರು ನಿಮಿಷದ ಪ್ಯಾಕೇಜನ್ನು ಮೊಬೈಲಿನ ಎಡಿಟಿಂಗ್ ಆ್ಯಪ್‌ನಲ್ಲೇ ಮುಗಿಸಬಹುದು, ಉಚಿತ ಆವೃತ್ತಿ ಮೂಲೆಯಲ್ಲಿ ತನ್ನ ಹೆಸರನ್ನು ಅಚ್ಚೊತ್ತುತ್ತದೆಯೇ ಎಂದು ಮೊದಲು ನೋಡಿಕೊಂಡರಾಯಿತು. ಎಂಟು ನಿಮಿಷದ ಸಾಕ್ಷ್ಯಚಿತ್ರಕ್ಕೆ ಕಂಪ್ಯೂಟರ್ ಬೇಕು. ಉಚಿತ ತಂತ್ರಾಂಶಗಳ ಪೈಕಿ ಡಾವಿಂಚಿ ರಿಸಾಲ್ವ್ ಬಣ್ಣ ಮತ್ತು ಧ್ವನಿಯ ಕೆಲಸದಲ್ಲಿ ಎಲ್ಲಕ್ಕಿಂತ ಮುಂದಿದೆ, ಆದರೆ 16 ಜಿಬಿ ರ್‍ಯಾಮ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಅದು ಹೆಜ್ಜೆ ಹೆಜ್ಜೆಗೂ ನಿಲ್ಲುತ್ತದೆ. ಲ್ಯಾಬಿನಲ್ಲಿ ವಿಂಡೋಸ್ ಬದಲು ಉಬುಂಟು ಇದ್ದರೆ ರಿಸಾಲ್ವ್‌ನ ಉಚಿತ ಆವೃತ್ತಿ ಮೊಬೈಲಿನ ಸಾಮಾನ್ಯ ಎಂಪಿ4 ಫೈಲುಗಳನ್ನು ನೇರವಾಗಿ ತೆರೆಯುವುದಿಲ್ಲ. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಸಾಧಾರಣ ಯಂತ್ರದಲ್ಲೂ ನಡೆಯುತ್ತವೆ, ಭಾರವಾದ ಫೈಲುಗಳಿಗೆ ಹಗುರವಾದ ಪ್ರಾಕ್ಸಿ ನಕಲು ಮಾಡಿಕೊಂಡು ಕೆಲಸ ಮಾಡುವ ಸೌಲಭ್ಯ ಎರಡರಲ್ಲೂ ಇದೆ. ಕಾಲೇಜಿನ ಲ್ಯಾಬ್‌ಗೆ ನಾನು ಸೂಚಿಸುವುದು ಇವುಗಳನ್ನೇ. ಮೊಬೈಲ್ ವಿಡಿಯೊದಲ್ಲಿ ಫ್ರೇಮಿನ ವೇಗ ಸ್ಥಿರವಾಗಿರದ ಕಾರಣ ಬೇರೆಯಾಗಿ ದಾಖಲಿಸಿದ ಧ್ವನಿ ಸಂದರ್ಶನದ ಆರಂಭದಲ್ಲಿ ಹೊಂದಿ, ಕೊನೆಯ ಹೊತ್ತಿಗೆ ಜಾರಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ವೇಗಕ್ಕೆ ಬದಲಾಯಿಸಿಕೊಂಡು ಆಮೇಲೆ ಎಡಿಟಿಂಗ್ ಆರಂಭಿಸಿದರೆ ಈ ತಲೆನೋವಿಲ್ಲ.

ತಂತ್ರಾಂಶವನ್ನು ಆರಿಸುವ ಮುನ್ನ ಅದರಲ್ಲಿ 'ರಾಷ್ಟ್ರಕೂಟ', 'ಸ್ತ್ರೀ', 'ಕೊಪ್ಪರಿಗೆ' ಎಂದು ಟೈಪ್ ಮಾಡಿ ನೋಡಬೇಕು. ಒತ್ತಕ್ಷರಗಳು ಒಡೆದು ಸಾಲಾಗಿ ನಿಂತರೆ ಆ ತಂತ್ರಾಂಶದಲ್ಲಿ ಕನ್ನಡ ಟೈಟಲ್ ಆಗುವುದಿಲ್ಲ. ಟೈಟಲನ್ನು ಬೇರೆ ಕಡೆ ಪಾರದರ್ಶಕ ಪಿಎನ್‌ಜಿ ಚಿತ್ರವಾಗಿ ಮಾಡಿಕೊಂಡು ತರಬೇಕಾಗುತ್ತದೆ. 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪಾದ ಪಠ್ಯವನ್ನು ಅಂಟಿಸಿದರೆ ಬರುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯೂನಿಕೋಡಿನಲ್ಲೇ ಟೈಪ್ ಮಾಡಿ ನೋಟೊ ಸ್ಯಾನ್ಸ್ ಕನ್ನಡದಂಥ ಉಚಿತ ಫಾಂಟ್ ಬಳಸುವುದು ಸರಳ ದಾರಿ. ಸಬ್‌ಟೈಟಲ್ ಎರಡು ಸಾಲು ಮೀರದಿರಲಿ.

ಸಂಗೀತಕ್ಕೆ ಮೂರು ದಾರಿಗಳಿವೆ. ಸಿನಿಮಾ ಹಾಡನ್ನು ಹಾಕಿದ ಚಿತ್ರವನ್ನು ಕಾಲೇಜಿನೊಳಗೆ ವಿದ್ಯಾರ್ಥಿಗಳು, ಸಿಬ್ಬಂದಿ ಮತ್ತು ಪೋಷಕರಿಗಷ್ಟೇ ತೋರಿಸುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಒಂದಿಷ್ಟು ವಿನಾಯಿತಿ ಕೊಡುತ್ತದೆ, ಅದೇ ಚಿತ್ರ ಯೂಟ್ಯೂಬಿಗೆ ಏರಿದ ಕೂಡಲೇ ಆ ಆಸರೆ ಸಿಗುವುದಿಲ್ಲ. ಯೂಟ್ಯೂಬಿನ ಆಡಿಯೊ ಲೈಬ್ರರಿಯಲ್ಲಿ ಸಿಗುವ ಉಚಿತ ಸಂಗೀತ ಸುರಕ್ಷಿತವಾದರೂ ಆಲೆಮನೆಯ ಹೊಗೆಯ ಮೇಲೆ ಪಿಯಾನೊ ಕೇಳಿಸುವುದು ಸ್ವಲ್ಪ ವಿಚಿತ್ರವೇ. ನನಗೆ ಹಿಡಿಸುವುದು ಮೂರನೆಯ ದಾರಿ. ವಚನ, ಕೀರ್ತನೆ, ಜನಪದ ಗೀತೆಗಳ ಹಳೆಯ ಪಠ್ಯಕ್ಕೆ ಹಕ್ಕುಸ್ವಾಮ್ಯವಿಲ್ಲ. ಇರುವುದು ಈಗಿನವರು ಹಾಕಿದ ರಾಗಸಂಯೋಜನೆಗೆ ಮತ್ತು ಧ್ವನಿಮುದ್ರಿಕೆಗೆ. ತರಗತಿಯಲ್ಲಿ ಹಾಡುವವರೊಬ್ಬರು ಸಾಂಪ್ರದಾಯಿಕ ಮಟ್ಟಿನಲ್ಲಿ ಹಾಡಿ, ಕಾಲರ್ ಮೈಕಿನಲ್ಲೇ ದಾಖಲಿಸಿದರೆ ಆ ಹಾಡಿನ ಮೇಲೆ ಬೇರೆ ಯಾರ ಹಕ್ಕೂ ಇರುವುದಿಲ್ಲ. ಅವರ ಹೆಸರನ್ನು ಕೊನೆಯ ಟೈಟಲಿನಲ್ಲಿ ಹಾಕುವುದನ್ನು ಮಾತ್ರ ಮರೆಯಬಾರದು.

ಸಲ್ಲಿಕೆಗೆ 1080ಪಿ, ಎಂಪಿ4, ಸೆಕೆಂಡಿಗೆ 10 ಮೆಗಾಬಿಟ್ ಇಟ್ಟರೆ ಎಂಟು ನಿಮಿಷದ ಚಿತ್ರ ಸುಮಾರು 600 ಎಂಬಿ ಆಗುತ್ತದೆ. ಇದಕ್ಕಿಂತ ಬಹಳ ದೊಡ್ಡದಾಗಿ ಎಕ್ಸ್‌ಪೋರ್ಟ್ ಮಾಡಿದವರಿಗೆ ಪೆನ್ ಡ್ರೈವ್ ಎದುರಾಗುತ್ತದೆ: ಹಳೆಯ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ತೆಗೆದುಕೊಳ್ಳುವುದಿಲ್ಲ, ಎಕ್ಸ್‌ಫ್ಯಾಟ್ ಆದರೆ ತೆಗೆದುಕೊಳ್ಳುತ್ತದೆ. ಫೈಲಿನ ಹೆಸರಿನಲ್ಲಿ ತಂಡದ ಹೆಸರೂ ಸೆಮಿಸ್ಟರೂ ಇರಲಿ. 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಎಂದು ಇಟ್ಟವರಲ್ಲಿ ಕೊನೆಗೆ ಯಾವುದು ಪ್ರದರ್ಶನವಾಗುತ್ತದೋ ಹೇಳಬರುವುದಿಲ್ಲ. ಪ್ರದರ್ಶನದ ಹಿಂದಿನ ದಿನವೇ ಅದೇ ಪ್ರೊಜೆಕ್ಟರ್, ಅದೇ ಸ್ಪೀಕರಿನಲ್ಲಿ ಪೂರ್ತಿ ಹಾಕಿ ನೋಡಬೇಕು, ಏಕೆಂದರೆ ಇಯರ್‌ಫೋನಿನಲ್ಲಿ ಸ್ಪಷ್ಟವಾಗಿದ್ದ ಮಾತು ಸಭಾಂಗಣದ ಸ್ಪೀಕರಿನಲ್ಲಿ ಹಿನ್ನೆಲೆ ಸಂಗೀತದ ಕೆಳಗೆ ಮುಳುಗುವುದು ಸಾಮಾನ್ಯ. ಆಗ ಸಂಗೀತವನ್ನು ತಗ್ಗಿಸಿ ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಲು ಒಂದು ರಾತ್ರಿಯಾದರೂ ಕೈಯಲ್ಲಿರುತ್ತದೆ.